ಹದಿನೇಳನೆಯ ಸದ್ದು

ಹೊಲಿಗೆ ಮೆಷಿನ್ ರಿಪೇರಿ ಮಾಡುವವರಲ್ಲಿ ಎರಡು ಬಗೆ. ಮೊದಲು ಬಿಚ್ಚಿ ಆಮೇಲೆ ಯೋಚನೆ ಮಾಡುವವರು ಒಂದು ಬಗೆ, ಮೊದಲು ಕೇಳಿಸಿಕೊಂಡು ಆಮೇಲೆ ಬಿಚ್ಚುವವರು ಇನ್ನೊಂದು ಬಗೆ. ಮೊದಲನೆಯವರು ಬೀದಿಗೊಬ್ಬರು ಸಿಗುತ್ತಾರೆ, ಅವರ ಮಾತು ಬಿಡಿ. ಕಿವಿಯಕ್ಕ ಎರಡನೆಯ ಬಗೆಯವಳು. ಗಿರಾಕಿ ಮೆಷಿನ್ ತಂದು ಬೆಂಚಿನ ಮೇಲೆ ಇಟ್ಟ ಕೂಡಲೇ ಅವಳು ಗೋಡೆಯ ಕಡೆ ಮುಖ ಮಾಡಿ ನಿಂತು, ಚಕ್ರ ತಿರುಗಿಸಿ ಎನ್ನುತ್ತಿದ್ದಳು. ನಾಲ್ಕೇ ಸುತ್ತು. ಯಾವ ಸ್ಕ್ರೂ ಸಡಿಲ, ಎಲ್ಲಿ ಎಣ್ಣೆ ಒಣಗಿದೆ, ಬಟ್ಟೆ ತಳ್ಳುವ ಹಲ್ಲಿನ ಸಂದಿಯಲ್ಲಿ ಎಷ್ಟು ದಿನದ ನೂಲಿನ ಧೂಳು ಕೂತಿದೆ, ಎಲ್ಲವನ್ನೂ ಬೆನ್ನು ಹಾಕಿಕೊಂಡೇ ಹೇಳಿಬಿಡುತ್ತಿದ್ದಳು. ಬೀದಿಯ ಜನ ಅವಳಿಗೆ ಆ ಹೆಸರಿಟ್ಟು ಮೂವತ್ತು ವರ್ಷವಾಗಿತ್ತು. ಅವಳ ನಿಜವಾದ ಹೆಸರು ಈಗ ಕರೆಂಟಿನವರಿಗೆ ಮಾತ್ರ ಗೊತ್ತು.

ವಿದ್ಯೆ ಅಪ್ಪನದು. ಅಪ್ಪ ಅವಳನ್ನು ಬಾಗಿಲ ಹಿಂದೆ ನಿಲ್ಲಿಸಿ, ಒಂದು ಸ್ಕ್ರೂ ಅರ್ಧ ಸುತ್ತು ಸಡಿಲ ಮಾಡಿ, ಚಕ್ರ ತಿರುಗಿಸಿ, ಯಾವುದು ಹೇಳು ಎನ್ನುತ್ತಿದ್ದರು. ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ, ಸುಮ್ಮನೆ ಮತ್ತೆ ತಿರುಗಿಸುತ್ತಿದ್ದರು. ಸರಿ ಉತ್ತರ ಬರುವ ತನಕ ಅಪ್ಪ ಮಗಳು ಇಬ್ಬರೂ ಊಟಕ್ಕೆ ಏಳುತ್ತಿರಲಿಲ್ಲ. ಹಾಗೆ ಹಸಿದು ಹಸಿದು ಕಲಿತ ಕಿವಿ ಅದು.

ಐವತ್ತೆಂಟು ತುಂಬಿದ ವರ್ಷ ಆ ಕಿವಿಯನ್ನು ಡಾಕ್ಟರಿಗೆ ತೋರಿಸಬೇಕಾಯಿತು. ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. ಸಣ್ಣ ಸದ್ದುಗಳು ಮೊದಲು ಹೋಗುತ್ತವೆ, ದಪ್ಪ ಸದ್ದುಗಳು ಕೊನೆಗೆ ಎಂದರು. ಬೇಕಾದರೆ ಕಿವಿಗೆ ಯಂತ್ರ ಹಾಕಿಕೊಳ್ಳಿ, ಜನರ ಮಾತು ಚೆನ್ನಾಗಿಯೇ ಕೇಳಿಸುತ್ತದೆ ಎಂದರು. ಜನರ ಮಾತು ಯಾರಿಗೆ ಬೇಕಾಗಿತ್ತು! ಜನರನ್ನಾದರೆ ಸ್ವಲ್ಪ ಗಟ್ಟಿಯಾಗಿ ಹೇಳಿ ಎನ್ನಬಹುದು. ಮೆಷಿನ್ ಎಷ್ಟು ಸಲ ಕೇಳಿದರೂ ತನ್ನ ಸಣ್ಣ ದನಿಯಲ್ಲೇ ಹೇಳುತ್ತದೆ.

ಸದ್ದುಗಳು ತನ್ನಿಂದ ಹೋಗುವ ಮೊದಲು ಅವುಗಳನ್ನು ಎಲ್ಲಾದರೂ ಇಡಬೇಕು ಎಂಬ ಒಂದೇ ಯೋಚನೆ ಅವಳನ್ನು ಹಿಡಿದುಕೊಂಡಿತು. ಕಲಿಯಲು ಬಂದಿದ್ದ ಒಬ್ಬಿಬ್ಬರು ಕಣ್ಣಿನಿಂದ ಕಲಿಯುವವರು, ಬಂದಷ್ಟೇ ಬೇಗ ಹೋಗಿದ್ದರು. ಹಾಗಾಗಿ ಅವಳು ತಂಗಿಯ ಮಗಳನ್ನು ಹಿಡಿದಳು. ಆ ಹುಡುಗಿ ಗ್ರಂಥಾಲಯದ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಮೆತ್ತಗೆ ಮಾತಾಡುತ್ತಾಳೆ, ಆದರೆ ತಾನು ಹೇಳಿದ್ದೇ ಆಗಬೇಕು. ದೊಡ್ಡಮ್ಮನಿಗೆ ಸರಿಯಾದ ಜೋಡಿ.

"ನಿನಗೇ ಒಂದು ವೆಬ್‌ಸೈಟ್ ಮಾಡೋಣ ದೊಡ್ಡಮ್ಮ. ಆದರೆ ನಾನು ಮಾಡಿಕೊಡೋದಿಲ್ಲ. ನೀನೇ ಮಾಡಬೇಕು, ನೀನೇ ನೋಡಿಕೋಬೇಕು," ಎಂದಳು.

ಅಂಗಡಿ ಎಂದರೆ ಎಂಟಡಿ ಅಗಲ, ಹತ್ತಡಿ ಉದ್ದದ ಒಂದು ಕೋಣೆ. ಒಂದು ಕಡೆ ಬೆಂಚು, ಇನ್ನೊಂದು ಕಡೆ ಗಿರಾಕಿಗಳ ಮೆಷಿನ್‌ಗಳು ಚೀಟಿ ಕಟ್ಟಿಸಿಕೊಂಡು ಸಾಲಾಗಿ ಕೂತಿರುತ್ತವೆ. ಎಣ್ಣೆಯ ಡಬ್ಬಿ ಸರಿಸಿ, ಹಳೆಯ ಕಂಪ್ಯೂಟರಿಗೆ ಬೆಂಚಿನ ಮೂಲೆಯಲ್ಲಿ ಜಾಗ ಮಾಡಿದ್ದಾಯಿತು. ಕಿವಿಯಕ್ಕನ ಮನಸ್ಸಿನಲ್ಲಿ ದೊಡ್ಡ ಅರಮನೆಯೇ ಇತ್ತು. ಅಪ್ಪನ ಹೆಸರು, ತನ್ನ ಹೆಸರು, ಬೀದಿಯ ಹೆಸರು ಮೂರೂ ಸೇರಿದ ವಿಳಾಸ, ಹಿಂದೆ ಗುಲಾಬಿ ಬಣ್ಣ, ಮೇಲೆ ಓಡಾಡುವ ಅಕ್ಷರಗಳು. ಹುಡುಗಿ ಒಂದೊಂದನ್ನೇ ಕಿತ್ತುಹಾಕಿದಳು. ಫೋನಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಒಂದೇ ಉಸಿರಿಗೆ ಹೇಳುವಷ್ಟು ಚಿಕ್ಕದಾಗಿರಬೇಕು ವಿಳಾಸ ಎಂದಳು. ಬರುವವರು ಸದ್ದು ಕೇಳಲು ಬರುತ್ತಾರೆ, ಗುಲಾಬಿ ನೋಡಲು ಅಲ್ಲ ಎಂದಳು. ಇಪ್ಪತ್ತು ಪುಟ ಶುರು ಮಾಡಿ ಅರ್ಧಕ್ಕೆ ಬಿಟ್ಟ ವೆಬ್‌ಸೈಟುಗಳನ್ನು ತಾನು ನೋಡಿ ನೋಡಿ ಸಾಕಾಗಿದೆ, ಮೊದಲು ಒಂದೇ ಪುಟ, ಒಂದೇ ಸದ್ದು ಎಂದಳು. ಹೆಸರು ಕೊನೆಗೆ 'ಕಿವಿಯಕ್ಕ' ಎಂದೇ ಆಯಿತು. ಆ ಹೆಸರು ನೋಡಿದಾಗ ಅವಳಿಗೆ ಒಳಗೊಳಗೇ ನಾಚಿಕೆಯಾಯಿತು, ಇನ್ನೆಷ್ಟು ದಿನ ಈ ಹೆಸರು ತನಗೆ ಸಲ್ಲುತ್ತದೋ ಎಂದು.

ಹುಡುಗಿಯ ಮಾತುಗಳನ್ನು ಅವಳು ಬೀರುವಿನ ಬಾಗಿಲ ಒಳಮೈಗೆ ಸೀಮೆಸುಣ್ಣದಲ್ಲಿ ಬರೆದುಕೊಂಡಳು. ಬೇಗ ತೆರೆಯುವಂತೆ ಚಿತ್ರದ ಭಾರ ಇಳಿಸಿ ಹಾಕುವುದು. ಹಾಕಿದ ಮೇಲೆ ಬೇರೆಯವರ ಫೋನಿನಲ್ಲಿ ತೆರೆದು ನೋಡುವುದು. ವೆಬ್‌ಸೈಟಿಗೆ ಪತ್ರ ಬಂದಿದೆಯೇ ಎಂದು ವಾರಕ್ಕೊಮ್ಮೆ ನೋಡುವುದು. ತಿಂಗಳ ಮೊದಲ ದಿನ ಎಲ್ಲದರ ಪ್ರತಿಯನ್ನು ಪೆನ್ ಡ್ರೈವಿಗೆ ತೆಗೆದಿಡುವುದು. ಕಂಪ್ಯೂಟರಿನಲ್ಲಿ 'ಅಂಗಡಿ' ಎಂಬ ಒಂದು ಫೋಲ್ಡರು. ಅದರಲ್ಲಿ ಏನಿದೆಯೋ, ಒಂದು ಗುಂಡಿ ಒತ್ತಿದರೆ ವೆಬ್‌ಸೈಟೂ ಹಾಗೆಯೇ ಆಗುತ್ತದೆ. ಇಷ್ಟು ಅವಳಿಗೆ ಅರ್ಥವಾಯಿತು. ಅರ್ಥವಾಯಿತು ಎಂದುಕೊಂಡಳು ಎನ್ನೋಣ.

ಒಂದು ಮಾತನ್ನು ಮಾತ್ರ ಅವಳು ಸುತರಾಂ ಒಪ್ಪಲಿಲ್ಲ. ಪ್ರತಿ ಸದ್ದಿನ ಪಕ್ಕದಲ್ಲಿ ಅದು ಹೇಗಿದೆ ಎಂದು ಬರೆಯಬೇಕು, ಕಿವಿ ಕೇಳದವರೂ ಪುಟಕ್ಕೆ ಬರುತ್ತಾರೆ ಎಂದಳು ಹುಡುಗಿ.

"ಕಿವಿ ಕೇಳದವರು ಸದ್ದಿನ ಪುಟಕ್ಕೆ ಯಾಕಮ್ಮ ಬರ್ತಾರೆ?"

"ಅದು ಅವರಿಷ್ಟ ದೊಡ್ಡಮ್ಮ. ಬಾಗಿಲು ಹಾಕೋಕೆ ನಾವ್ಯಾರು?"

ಗೊಣಗುತ್ತಲೇ ಬರೆಯಲು ಕೂತಳು. ಕೂತ ಮೇಲೆ ಗೊತ್ತಾಯಿತು ಅದೆಂಥ ಕೆಲಸ ಎಂದು. ಸದ್ದನ್ನು ಬರೀ ಸದ್ದಾಗಿ ಬರೆದರೆ ಅದು ಕಾಗದದ ಮೇಲೆ ಸತ್ತು ಬೀಳುತ್ತಿತ್ತು. ಮೆಷಿನ್ ಮುಂದಿಟ್ಟುಕೊಂಡು, ಕಣ್ಣು ಮುಚ್ಚಿ, ಅದರ ಮೈಮೇಲೆ ಕೈಯಿಟ್ಟು, ಬಂದಂತೆ ಬರೆದಳು. 'ಮೂರನೆಯ ಸದ್ದು. ಗೊರಗೊರ. ಎಣ್ಣೆ ಒಣಗಿ ಅಂಟಾಗಿದೆ. ಮೆಷಿನ್ನಿನ ಬೆನ್ನ ಮೇಲೆ ಕೈಯಿಟ್ಟರೆ ನಿದ್ದೆಗಣ್ಣಿನಲ್ಲಿ ಎದ್ದವರ ಮೈಯ ಹಾಗೆ ಭಾರ.' 'ಒಂಬತ್ತನೆಯದು. ಕಟಕಟ, ನಡುವೆ ಒಂದು ಕಟ್ ಇಲ್ಲ. ಬೆಲ್ಟು ಜಾರುತ್ತಿದೆ. ಚಕ್ರಕ್ಕೆ ಬೆರಳು ಮುಟ್ಟಿಸಿ, ಮೆಟ್ಟಿಲು ಇಳಿಯುವಾಗ ಒಂದು ಮೆಟ್ಟಿಲು ತಪ್ಪಿದ ಹಾಗಾಗುತ್ತದೆ.' ಬರೆದದ್ದನ್ನು ತಾನೇ ಓದಿಕೊಂಡು ಅವಳು ಬೆರಗಾದಳು. ನಲವತ್ತು ವರ್ಷ ಇದೆಲ್ಲ ತನ್ನ ಒಳಗೆ ಸುಮ್ಮನೆ ಕೂತಿತ್ತೇ ಎಂದು.

ಪುಟವನ್ನು ಮೊದಲ ಸಲ ಹಾಕಿದ ದಿನ ಪಕ್ಕದ ಅಂಗಡಿಗೆ ಹೋದಳು. ಅಲ್ಲಿ ಬೀಗ ರಿಪೇರಿ ಮಾಡುವ, ಕೀಲಿ ಕತ್ತರಿಸುವ ಬೀಗದಣ್ಣ ಕೂರುತ್ತಾನೆ. ಅವನ ಫೋನಿನಲ್ಲಿ, ಕೀಲಿಯ ಪುಡಿ ಮೆತ್ತಿದ ಆ ಗಾಜಿನ ಮೇಲೆ, ವಿಳಾಸ ಒತ್ತಿಸಿದಳು. ಒಂದು ಕ್ಷಣ ಬಿಳಿ. ಆಮೇಲೆ ಅವಳ ಮಾತು, ಅವಳ ಮೆಷಿನ್, ಅವಳ ಮೊದಲ ಸದ್ದು, ಎಲ್ಲ ಅವನ ಅಂಗೈಯಲ್ಲಿ. ಇದು ನನ್ನ ಬೆಂಚಿನಿಂದ ನಿನ್ನ ಕೈಗೆ ಹೇಗೆ ಬಂತು ಎಂದು ಅವಳು ಕೇಳಿದಳು. ಗೋಡೆ ದಾಟಿ ಬಂತು ಎಂದ ಬೀಗದಣ್ಣ. ಅವನಿಗೂ ಅಷ್ಟೇ ಗೊತ್ತಿದ್ದದ್ದು. ಅವಳು ಮತ್ತೆ ತನ್ನ ಅಂಗಡಿಗೆ ಬಂದು ಗೋಡೆಯನ್ನೊಮ್ಮೆ ಮುಟ್ಟಿ ನೋಡಿದಳು. ನಗುವವರು ನಗಲಿ; ಮೊದಲ ಸಲ ಇದನ್ನು ಕಂಡು ಬೆರಗಾಗದವರು ಯಾವುದಕ್ಕೂ ಬೆರಗಾಗುವುದಿಲ್ಲ.

ಎರಡು ತಿಂಗಳಲ್ಲಿ ಇಪ್ಪತ್ತಮೂರು ಸದ್ದು ಸೇರಿದವು. ಹದಿನೇಳನೆಯದು ಬಹಳ ಸಣ್ಣದು. ಸೂಜಿ ಕೂದಲೆಳೆಯಷ್ಟು ಬಾಗಿದರೆ ಕೆಳಗೆ ನೂಲು ಹಿಡಿಯುವ ಕೊಕ್ಕೆಗೆ ತಾಗುತ್ತದೆ. ಆಗ ಬರುವ ಸದ್ದು ಅದು. ರೆಕಾರ್ಡು ಮಾಡಿದ ದಿನವೇ ಅದನ್ನು ಹಿಡಿಯಲು ಅವಳು ಉಸಿರು ಬಿಗಿಹಿಡಿದು ಕೂರಬೇಕಾಯಿತು. ಹೆದರಿಕೆಗೆ, ಅವಸರಕ್ಕೆ, ಪಕ್ಕದಲ್ಲಿ ಬರೆದದ್ದು ಇಷ್ಟೇ: 'ಟಿಣ್. ಸೂಜಿ ತಾಗುತ್ತಿದೆ.' ಆ ಸದ್ದಿನ ಕಡೆ ಮತ್ತೆ ಹೋಗಲಿಲ್ಲ.

ತಿಂಗಳ ಮೊದಲ ದಿನ ಹೇಳಿದ ಹಾಗೆ ಪ್ರತಿ ತೆಗೆದು, ಪೆನ್ ಡ್ರೈವನ್ನು ಸೂಜಿಯ ಡಬ್ಬಿಯಲ್ಲಿ ಹಾಕಿಟ್ಟಳು. ಎಷ್ಟು ಜನ ಬಂದಿದ್ದರು ಎಂದು ನೋಡುವುದನ್ನೂ ಹುಡುಗಿ ತೋರಿಸಿಕೊಟ್ಟಳು. ಆ ವಾರ ನಲವತ್ತೊಂದು. ಕಿವಿಯಕ್ಕ ತನ್ನ ಎಂಟಡಿ ಅಗಲದ ಕೋಣೆಯನ್ನು ಒಂದು ಸಲ ಕಣ್ಣಾಡಿಸಿ ನೋಡಿದಳು. ನಲವತ್ತೊಂದು ಜನ ಇಲ್ಲಿ ಎಲ್ಲಿ ನಿಂತರು? ಸದ್ದು ಮಾಡದೆ ಬಂದು, ಒಂದು ಸ್ಕ್ರೂವನ್ನೂ ಅಲುಗಿಸದೆ ಹೋದರಲ್ಲ!

ಆಮೇಲೆ ಆದದ್ದು ಅವಳ ಕಸುಬಿನವರು ಮಾತ್ರ ಮಾಡುವ ತಪ್ಪು.

ಶನಿವಾರ ಸಂಜೆ ಬೆಂಚು ಚೊಕ್ಕ ಮಾಡುವುದು ಅವಳ ಅಂಗಡಿಯ ಕಟ್ಟಳೆ. ರಿಪೇರಿ ಮುಗಿದ ಮೇಲೆ ತಟ್ಟೆಯಲ್ಲಿ ಒಂದು ಚೂರೂ ಉಳಿಯಬಾರದು. ಉಳಿದರೆ ಒಂದೋ ಮೆಷಿನ್ನಿಗೆ ಹಾಕುವುದನ್ನು ಮರೆತಿರಬೇಕು, ಇಲ್ಲವೇ ಅದು ಬೇಡದ ವಸ್ತು. ಒಂದು ಶನಿವಾರ ಬೆಂಚು ಒರೆಸಿ, ಕೈ ಖಾಲಿಯಾಗಿ, ಕಂಪ್ಯೂಟರಿನ ಫೋಲ್ಡರನ್ನೂ ತೆರೆದು ನೋಡಿದಳು. ಪುಟ ಒಂದು ಕಡೆ ಇತ್ತು, ಅದರೊಳಗೆ ಇಪ್ಪತ್ತಮೂರು ಸದ್ದೂ ಇದ್ದವು, ಅವಳೇ ಒತ್ತಿ ಕೇಳಿದ್ದಳಲ್ಲ. ಇನ್ನೊಂದು ಕಡೆ ಅದೇ ಇಪ್ಪತ್ತಮೂರು ಸದ್ದುಗಳು ಬಿಡಿಬಿಡಿಯಾಗಿ ಬಿದ್ದಿದ್ದವು. ಮೆಷಿನ್ನಿಗೆ ಹಾಕಿದ ಸ್ಕ್ರೂ ತಟ್ಟೆಯಲ್ಲೂ ಇರುತ್ತದೆಯೇ? ಇವು ಹಾಕಿ ಉಳಿದ ಚೂರುಗಳು ಎಂದು ತೀರ್ಮಾನ ಮಾಡಿ, ಎಲ್ಲವನ್ನೂ ಅಳಿಸಿ, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಗುಂಡಿ ಒತ್ತಿದಳು. ವೆಬ್‌ಸೈಟೂ ಹಾಗೆಯೇ ಆಯಿತು. ಪುಟ ಪುಟದ ಹಾಗೇ ಕಾಣುತ್ತಿತ್ತು. ಆದರೆ ಸದ್ದುಗಳು ಪುಟದ ಒಳಗೆ ಎಂದೂ ಇರಲಿಲ್ಲ. ಪುಟ ಪ್ರತಿ ಸಲವೂ ಆ ಬಿಡಿ ಚೂರುಗಳಿದ್ದ ಕಡೆ ಕೈ ಚಾಚಿ ತೆಗೆದುಕೊಳ್ಳುತ್ತಿತ್ತು ಎಂಬುದು ಪಾಪ, ಅವಳಿಗೆ ಹೊಳೆಯಲೇ ಇಲ್ಲ. ಬೆಂಚಿನಷ್ಟೇ ಚೊಕ್ಕವಾಯಿತು ಎಂದು ಸಮಾಧಾನವಾಗಿ ಬಾಗಿಲೆಳೆದು ಮನೆಗೆ ಹೋದಳು.

ಭಾನುವಾರ ಬೆಳಗ್ಗೆ ಅವಳದೊಂದು ಗುಟ್ಟಿನ ಅಭ್ಯಾಸವಿತ್ತು. ಅಂಗಡಿಯ ಬಾಗಿಲು ಅರ್ಧ ತೆರೆದು, ವೆಬ್‌ಸೈಟಿನ ಸದ್ದುಗಳನ್ನು ಒಂದರಿಂದ ಹಿಡಿದು ಕೇಳುವುದು, ಹದಿನೇಳನ್ನು ಬಿಟ್ಟು. ಕಿವಿ ಎಷ್ಟು ಉಳಿದಿದೆ ಎಂದು ಅಳೆಯಲು ಅದೇ ಅವಳ ಅಳತೆಗೋಲು. ಆ ಭಾನುವಾರ ಒಂದನ್ನು ಒತ್ತಿದಳು. ಏನೂ ಇಲ್ಲ. ಎರಡು, ಇಲ್ಲ. ಕಂಪ್ಯೂಟರಿನ ದನಿ ಪೂರ್ತಿ ಏರಿಸಿ ಗೊರಗೊರ ಎನ್ನುವ ಮೂರನ್ನು ಒತ್ತಿದಳು, ಅಷ್ಟು ದಪ್ಪ ಸದ್ದೂ ಇಲ್ಲ. ಇಪ್ಪತ್ತಮೂರರ ತನಕ ಒತ್ತಿದಳು. ಒಂದೂ ಇಲ್ಲ.

ವೆಬ್‌ಸೈಟ್ ಕೆಟ್ಟಿರಬಹುದು ಎಂಬ ಯೋಚನೆ ಅವಳ ಹತ್ತಿರವೂ ಸುಳಿಯಲಿಲ್ಲ. ಡಾಕ್ಟರು ಹೇಳಿದ ದಿನ ಬಂತು ಎಂದಷ್ಟೇ ತಿಳಿದಳು. ಬೆಂಚಿನ ಮೇಲಿನ ಮೆಷಿನ್ ತಿರುಗಿಸಿ ನೋಡಿದಳು, ಅದು ಕೇಳಿಸಿತು. ಇಲ್ಲ, ಇದು ನಿಜವಾಗಿ ಕೇಳಿಸುತ್ತಿಲ್ಲ, ನಲವತ್ತು ವರ್ಷದ ರೂಢಿಯಿಂದ ತಲೆ ತಾನೇ ಸದ್ದು ಹುಟ್ಟಿಸುತ್ತಿದೆ ಎಂದುಕೊಂಡಳು. ಹೆದರಿದವರ ಲೆಕ್ಕಾಚಾರ ಹಾಗೇ ಇರುತ್ತದೆ, ಕಣ್ಣೆದುರಿನ ಸಾಕ್ಷಿಯನ್ನೂ ಹೆದರಿಕೆಯ ಕಡೆಗೇ ಎಳೆಯುತ್ತದೆ.

ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ. ಗಿರಾಕಿಗಳು ಬಂದರೆ ಸಾಮಾನು ಸಿಗುತ್ತಿಲ್ಲ ಎಂದು ಸುಳ್ಳು ಹೇಳಿ ವಾಪಸು ಕಳಿಸಿದಳು. ತನ್ನ ಕೈಯಿಂದ ಒಂದು ಮೆಷಿನ್ ತಪ್ಪು ರಿಪೇರಿಯಾಗಿ ಹೊರಗೆ ಹೋಗುವುದಕ್ಕಿಂತ ಅಂಗಡಿ ಮುಚ್ಚುವುದೇ ವಾಸಿ ಎನಿಸಿತು. ಚೀಟಿ ಕಟ್ಟಿಸಿಕೊಂಡ ಮೆಷಿನ್‌ಗಳನ್ನು ಒಂದೊಂದೇ ಒರೆಸಿ, ಯಾರ್ಯಾರಿಗೆ ಹಿಂದಿರುಗಿಸಬೇಕು ಎಂದು ಪಟ್ಟಿ ಮಾಡತೊಡಗಿದಳು. ತಂಗಿಯ ಮಗಳು ಫೋನು ಮಾಡಿದರೆ ಎಲ್ಲ ಚೆನ್ನಾಗಿದೆ ಎಂದಳು.

ಹನ್ನೆರಡನೆಯ ದಿನ ಬೀರು ತೆರೆದಾಗ ಸೀಮೆಸುಣ್ಣದ ಬರಹ ಕಣ್ಣಿಗೆ ಬಿತ್ತು. ಪತ್ರ ನೋಡಿ ಎರಡು ವಾರವಾಗಿತ್ತು. ಹೇಗೂ ಮುಚ್ಚುವ ಅಂಗಡಿ, ಬಂದವರಿಗೆ ಒಂದು ಉತ್ತರ ಬರೆದೇ ಮುಚ್ಚೋಣ ಎಂದು ಕೂತಳು. ಒಂದೇ ಒಂದು ಪತ್ರವಿತ್ತು.

'ಕಿವಿಯಕ್ಕನವರಿಗೆ ನಮಸ್ಕಾರ. ನಾನು ಟಾರ್ಪಾಲು, ಡೇರೆ ಹೊಲಿಯುವವನು. ಮೂರು ದೊಡ್ಡ ಮೆಷಿನ್ ಇವೆ. ನಿಮ್ಮ ಪುಟದಲ್ಲಿ ಸದ್ದು ಬರುತ್ತಿಲ್ಲ ಎಂದು ನನ್ನ ಹೆಂಡತಿ ಹತ್ತು ದಿನದಿಂದ ಹೇಳುತ್ತಿದ್ದಾಳೆ. ನಿಮಗೆ ತಿಳಿಸೋಣ ಎಂದು ಬರೆದೆ. ನನಗೆ ಇದರಿಂದ ಏನೂ ವ್ಯತ್ಯಾಸವಿಲ್ಲ. ನಾನು ಹುಟ್ಟಿನಿಂದ ಕಿವುಡ. ನೀವು ಪಕ್ಕದಲ್ಲಿ ಬರೆದದ್ದನ್ನು ಓದಿಯೇ ಮೂರೂ ಮೆಷಿನ್ ಸರಿಮಾಡಿಕೊಂಡೆ. ಬೇರೆಯವರೆಲ್ಲ ಕೇಳಿ ಎಂದು ಬರೆಯುತ್ತಾರೆ, ನೀವು ಮುಟ್ಟಿ ಎಂದು ಬರೆದಿದ್ದೀರಿ. ನಿಮಗೂ ನನ್ನ ಹಾಗೆಯೇ ಕಿವಿ ಇಲ್ಲವೇನೋ ಎಂದುಕೊಂಡಿದ್ದೆ. ಹದಿನೇಳನೆಯದು ಮಾತ್ರ ಬರೀ ಸದ್ದಾಗಿದೆ, ಮುಟ್ಟುವುದು ಹೇಗೆಂದು ನೀವು ಬರೆದಿಲ್ಲ. ನಾನು ಹುಡುಕಿಕೊಂಡದ್ದು ಹೀಗೆ: ಎಡ ಅಂಗೈಯನ್ನು ಮೆಷಿನ್ನಿನ ಹೊಟ್ಟೆಗೆ ಒತ್ತಿ ಹಿಡಿಯುವುದು, ಬಲಗೈಯ ತೋರುಬೆರಳಿನ ಉಗುರನ್ನು ಸೂಜಿಯ ಸರಳಿನ ಮೇಲ್ತುದಿಗೆ ಮೆಲ್ಲಗೆ ತಾಗಿಸುವುದು, ಚಕ್ರವನ್ನು ಇನ್ನೊಬ್ಬರು ಬಹಳ ನಿಧಾನ ತಿರುಗಿಸುವುದು. ಸೂಜಿ ತಾಗಿದರೆ ಉಗುರಿನ ಬುಡದಲ್ಲಿ ಇರುವೆ ಕಚ್ಚಿದ ಹಾಗೆ ತಿಳಿಯುತ್ತದೆ. ಇದು ಸರಿಯೇ? ನೋಡಿ ಹೇಳಿ.'

ಅವಳು ಮೊದಲ ಸಾಲುಗಳನ್ನೇ ಮೂರು ಸಲ ಓದಿದಳು. ಸದ್ದು ಬರುತ್ತಿಲ್ಲ. ಕಿವಿ ಕೇಳುವ ಹೆಂಡತಿಗೂ ಬರುತ್ತಿಲ್ಲ. ಎದ್ದವಳೇ ಬೀಗದಣ್ಣನ ಅಂಗಡಿಗೆ ನುಗ್ಗಿ, ಅವನ ಫೋನನ್ನು ಅವನ ಕೈಯಲ್ಲೇ ಹಿಡಿಸಿ, ಮೂರನೆಯ ಸದ್ದು ಒತ್ತು ಎಂದಳು. ಒತ್ತಿದ.

"ಏನಾದರೂ ಕೇಳಿಸ್ತಾ?"

"ಏನೂ ಇಲ್ಲವಲ್ಲಕ್ಕ. ಕೆಟ್ಟುಹೋಗಿದೆ."

ಕೆಟ್ಟುಹೋಗಿದೆ ಎಂಬ ಮಾತಿಗೆ ಅಷ್ಟು ಸಂತೋಷಪಟ್ಟ ವೆಬ್‌ಸೈಟಿನ ಒಡೆಯರು ಇನ್ನೊಬ್ಬರು ಇರಲಾರರು. ಕೀಲಿಗಳ ಹಲಗೆಗೆ ಒರಗಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಬಂದ ನೀರು ನಗುವಿನದಲ್ಲ. ಬೀಗದಣ್ಣ ಏನೂ ತಿಳಿಯದೆ ಒಂದು ಲೋಟ ನೀರು ಕೊಟ್ಟು, ಫೋನು ಒರೆಸಿ ಕಿಸೆಗೆ ಹಾಕಿಕೊಂಡ.

ಮಧ್ಯಾಹ್ನ ತಂಗಿಯ ಮಗಳು ಬಂದಳು. ಫೋಲ್ಡರು ನೋಡಿದ ಕೂಡಲೇ ಆದದ್ದೆಲ್ಲ ಅವಳಿಗೆ ಅರ್ಥವಾಯಿತು. ಪೆನ್ ಡ್ರೈವ್ ಎಲ್ಲಿ ಎಂದಳು. ಸೂಜಿಯ ಡಬ್ಬಿಯಿಂದ ಅದು ಹೊರಗೆ ಬಂತು. ಆ ಹನ್ನೊಂದು ದಿನದ ನಡುವೆ ತಿಂಗಳ ಮೊದಲ ದಿನ ಬಂದಾಗ ಪ್ರತಿ ತೆಗೆಯಲು ದೊಡ್ಡಮ್ಮ ಮೈಗಳ್ಳತನ ಮಾಡಿದ್ದಳು. ಹಾಗಾಗಿ ಹಳೆಯ ಪ್ರತಿ ಹಾಗೇ ಉಳಿದಿತ್ತು. ತೆಗೆದಿದ್ದರೆ ಖಾಲಿಯ ಪ್ರತಿಯೇ ಅದರ ಮೇಲೆ ಕೂತುಬಿಡುತ್ತಿತ್ತು. ಇನ್ನು ಮೇಲೆ ಪ್ರತಿ ತಿಂಗಳೂ ಬೇರೆ ಹೆಸರಿನಲ್ಲಿ, ತಾರೀಖು ಹಾಕಿ ಇಡು, ಹಳೆಯದನ್ನು ಮುಟ್ಟಬೇಡ ಎಂದು ಹುಡುಗಿ ಬೀರುವಿನ ಬಾಗಿಲ ಮೇಲೆ ತಾನೇ ಬರೆದಳು. ಬರೆಯುವಾಗ ಸೀಮೆಸುಣ್ಣ ಎರಡು ಸಲ ಮುರಿಯಿತು.

"ಹನ್ನೊಂದು ದಿನ ಒಬ್ಬಳೇ ಇದನ್ನ ಹೊತ್ಕೊಂಡು ಓಡಾಡಿದ್ಯಲ್ಲ ದೊಡ್ಡಮ್ಮ. ನಾನು ಫೋನ್ ಮಾಡಿದಾಗ ಹೇಳೋಕೆ ಏನಾಗಿತ್ತು?"

ಕಿವಿಯಕ್ಕ ಮುರಿದ ಸೀಮೆಸುಣ್ಣದ ಚೂರುಗಳನ್ನು ನೆಲದಿಂದ ಆರಿಸಿದಳು.

ಸದ್ದುಗಳು ಮತ್ತೆ ಮೇಲೆ ಹೋದವು. ಒಂದು ಬಂತು, ಎರಡು ಬಂತು, ಗೊರಗೊರ ಬಂತು. ಒಂಬತ್ತು ತನ್ನ ತಪ್ಪಿದ ಮೆಟ್ಟಿಲಿನ ಸಮೇತ ಬಂತು. ಪ್ರತಿಯೊಂದಕ್ಕೂ ಅವಳು ತಲೆಯಾಡಿಸಿದಳು. ಹದಿನಾರು ಮುಗಿದ ಮೇಲೆ ಹುಡುಗಿ ಹದಿನೇಳನ್ನು ಒತ್ತಿದಳು. ಕಿವಿಯಕ್ಕ ಕಾದಳು.

"ಇದು ಮಾತ್ರ ಬರಲಿಲ್ಲ, ನೋಡು," ಎಂದಳು.

ಹುಡುಗಿ ಇನ್ನೊಮ್ಮೆ ಒತ್ತಿದಳು. ಅವಳ ಮುಖ ನೋಡಿಯೇ ಕಿವಿಯಕ್ಕನಿಗೆ ತಿಳಿಯಿತು. ಸದ್ದು ಬರುತ್ತಿದೆ. ಹುಡುಗಿಗೆ ಕೇಳಿಸುತ್ತಿದೆ. ಇದು ನಿಜವಾಗಿಯೂ ಹೋಗಿದೆ.

ಹನ್ನೊಂದು ದಿನ ಇಪ್ಪತ್ತಮೂರನ್ನೂ ಕಳೆದುಕೊಂಡು ಬದುಕಿದವಳಿಗೆ ಒಂದು ಹೋದದ್ದು ದೊಡ್ಡದಲ್ಲ ಎಂದು ಹೇಳಿಬಿಡಬಹುದು. ಅದು ಸುಳ್ಳು. ಅಪ್ಪ ಕೊನೆಯಲ್ಲಿ ಕಲಿಸಿದ ಸದ್ದು ಅದು, ಅದನ್ನು ಹಿಡಿಯಲು ಅವಳಿಗೆ ಎರಡು ದಿನ ಬೇಕಾಗಿತ್ತು. ಅವಳು ಎದ್ದು ಡಬ್ಬಿಯಿಂದ ಒಂದು ಸೂಜಿ ತೆಗೆದು, ಬೆಂಚಿನ ಅಂಚಿಗೆ ಒತ್ತಿ ಕೂದಲೆಳೆಯಷ್ಟು ಬಾಗಿಸಿ, ಅಪ್ಪನ ಕಾಲದ ಮೆಷಿನ್ನಿಗೆ ಏರಿಸಿದಳು.

"ಬಾ, ಚಕ್ರ ತಿರುಗಿಸು. ಬಹಳ ನಿಧಾನ," ಎಂದಳು.

ಎಡ ಅಂಗೈಯನ್ನು ಮೆಷಿನ್ನಿನ ಹೊಟ್ಟೆಗೆ ಒತ್ತಿದಳು. ಬಲಗೈಯ ಉಗುರನ್ನು ಸೂಜಿಯ ಸರಳಿನ ತುದಿಗೆ ತಾಗಿಸಿದಳು. ಕಣ್ಣು ಮುಚ್ಚಿದಳು. ಒಂದು ಸುತ್ತು, ಏನೂ ಇಲ್ಲ. ಎರಡು. ಮೂರನೆಯ ಸುತ್ತಿನಲ್ಲಿ ಸರಳು ಕೆಳಗಿಳಿದು ಮೇಲೇಳುವ ಆ ಒಂದು ಜಾಗದಲ್ಲಿ, ಉಗುರಿನ ಬುಡದಲ್ಲಿ, ಇರುವೆ ಕಚ್ಚಿತು.

ಅವಳು ಕಣ್ಣು ತೆರೆಯದೆ "ಮತ್ತೆ" ಎಂದಳು. ಮತ್ತೆ ಕಚ್ಚಿತು, ಅದೇ ಜಾಗ. ಮತ್ತೆ. ಎಲ್ಲಿಯವನೋ, ಮುಖ ಕಾಣದವನು, ಜನ್ಮದಲ್ಲಿ ಒಂದು ಟಿಣ್ ಕೇಳದವನು, ಟಾರ್ಪಾಲಿನ ರಾಶಿಯ ನಡುವೆ ಕೂತು, ಅವಳು ಹೆದರಿ ಅರ್ಧಕ್ಕೆ ಬಿಟ್ಟದ್ದನ್ನು ಹುಡುಕಿ ತೆಗೆದಿದ್ದ. ಹುಡುಕಿದ್ದಷ್ಟೇ ಅಲ್ಲ, ಅವಳಿಗೆ ಬೇಕಾದ ಹೊತ್ತಿಗೆ ಸರಿಯಾಗಿ ತಂದು ಅವಳ ಬೆರಳಿನ ತುದಿಯಲ್ಲಿ ಇಟ್ಟಿದ್ದ. ಲೋಕ ಇಷ್ಟು ದೊಡ್ಡದಾಗಿರುವಾಗ ಆ ಒಂದು ಪತ್ರ ಈ ಬೆಂಚಿಗೆ ದಾರಿ ಕಂಡುಕೊಂಡದ್ದು ಹೇಗೆ ಎಂದು ಅವಳಿಗೆ ಆಗಲೂ ಅರ್ಥವಾಗಲಿಲ್ಲ, ಆಮೇಲೂ ಅರ್ಥವಾಗಲಿಲ್ಲ. ಹುಡುಗಿ ಚಕ್ರ ತಿರುಗಿಸುತ್ತಲೇ ಇದ್ದಳು, ಕಿವಿಯಕ್ಕ ಸಾಕು ಎನ್ನಲಿಲ್ಲ.

ಸಂಜೆ ಪುಟದಲ್ಲಿ ಹದಿನೇಳನೆಯ ಸದ್ದಿನ ಬರಹವನ್ನು ತಾನೇ ತೆರೆದು, 'ಟಿಣ್. ಸೂಜಿ ತಾಗುತ್ತಿದೆ' ಎಂಬುದರ ಕೆಳಗೆ ಡೇರೆ ಹೊಲಿಯುವವನ ಮಾತುಗಳನ್ನು ಒಂದಕ್ಷರ ಬದಲಿಸದೆ ಸೇರಿಸಿ, ಯಾರು ಕಲಿಸಿದ್ದು ಎಂದೂ ಬರೆದು, ಗುಂಡಿ ಒತ್ತಿದಳು. ಬೀಗದಣ್ಣನ ಫೋನಿನಲ್ಲಿ ತೆರೆದು ನೋಡಿ ಬಂದಳು. ಹಿಂದಿರುಗಿಸಬೇಕಾದ ಮೆಷಿನ್‌ಗಳ ಪಟ್ಟಿಯನ್ನು ಹರಿದು ಬುಟ್ಟಿಗೆ ಹಾಕಿದಳು. ಕೊನೆಗೆ ಪತ್ರಕ್ಕೆ ಉತ್ತರ ಬರೆಯಲು ಕೂತಳು. ಬಹಳ ಬರೆದಳು, ಬಹಳ ಅಳಿಸಿದಳು. ಕೊನೆಗೆ ಉಳಿದದ್ದು ಇಷ್ಟು:

'ನಮಸ್ಕಾರ. ನೀವು ಕೇಳಿದ ಹಾಗೆ ಹದಿನೇಳನೆಯದನ್ನು ಇವತ್ತು ಕೈಯಿಟ್ಟು ನೋಡಿದೆ. ನೀವು ಹೇಳಿದ್ದು ಸರಿಯಾಗಿದೆ. ನನಗೂ ಈಗ ಅದು ಹಾಗೆಯೇ ತಿಳಿಯುವುದು.'